ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಇಸ್ಮಾಯಿಲ್ (24 ಅಕ್ಟೋಬರ್ 1883 – 5 ಜನವರಿ 1959) ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆಡಳಿತಗಾರರು. 1926ರಿಂದ 1941ರವರೆಗೆ ಆ ಹುದ್ದೆಯಲ್ಲಿದ್ದ ಇವರು ಬಳಿಕ ಜೈಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಪ್ರಧಾನ ಮಂತ್ರಿಯಾದರು. ಬೆಂಗಳೂರು, ಮೈಸೂರು ಮತ್ತು ಜೈಪುರ ನಗರಗಳ ಬೀದಿಗಳ ಸುಧಾರಣೆಗಾಗಿ ಇವರು ಹೆಸರಾಗಿದ್ದಾರೆ.

ಆರಂಭಿಕ ಜೀವನ

ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜನಿಸಿದರು. ಇವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾದಿಂದ ಬಂದು ನೆಲೆಸಿದ ಕುದುರೆ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರ ಹೆಸರನ್ನೇ ಇಡಲಾಗಿದೆ. ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹಪಾಠಿಯಾಗಿದ್ದರು. ಸೆಂಟ್ರಲ್ ಕಾಲೇಜಿನಿಂದ 1905ರಲ್ಲಿ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು.

ನಗರ ಸುಧಾರಣೆ

ಇವರು ದಿವಾನರಾದಾಗ ಬೆಂಗಳೂರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪೇಟೆಯ ಭಾಗ ಸಂಸ್ಥಾನಕ್ಕೆ ಸೇರಿದ್ದರೆ, ದಂಡು ಪ್ರದೇಶ ಬ್ರಿಟಿಷರ ಅಧೀನದಲ್ಲಿತ್ತು. ಪೇಟೆಯ ಬೀದಿಗಳು ಎತ್ತಿನಗಾಡಿ ಮತ್ತು ಕಾಲ್ನಡಿಗೆಯ ಕಾಲದಲ್ಲಿ ರೂಪುಗೊಂಡವು. ಮೋಟಾರು ವಾಹನಗಳು ಹೆಚ್ಚತೊಡಗಿದಾಗ ಆ ಇಕ್ಕಟ್ಟಿನಲ್ಲಿ ಪಾದಚಾರಿ, ಗಾಡಿ ಮತ್ತು ವಾಹನ ಒಂದೇ ದಾರಿಯನ್ನು ಹಂಚಿಕೊಳ್ಳಬೇಕಾಯಿತು. ಅಗಲವಾದ ರಸ್ತೆ, ವೃತ್ತ, ಉದ್ಯಾನ ಮತ್ತು ಬೀದಿದೀಪಗಳಿಗೆ ಮಿರ್ಜಾ ಆದ್ಯತೆ ನೀಡಿದರು. ಬೀದಿಗಳನ್ನು ಸ್ವತಃ ಸುತ್ತಿ ಪರಿಶೀಲಿಸುತ್ತಿದ್ದರು. ಲಾಲ್‌ಬಾಗ್‌ನ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರ ಪರಿಣತಿಯನ್ನು ಸಾಲುಮರ ಹಾಗೂ ಉದ್ಯಾನಗಳಿಗೆ ಬಳಸಿಕೊಂಡರು. ಬೆಂಗಳೂರಿನ ಪುರಭವನ 1935ರಲ್ಲಿ ಸಿದ್ಧವಾಯಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ನಗರ ಬಸ್ ಸೇವೆಗಾಗಿ ಸ್ಥಾಪನೆಯಾಯಿತು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವೂ ಇವರ ಕಾಲದ್ದು.

ಟೀಕೆ

ನಗರಗಳ ಅಂದಕ್ಕೆ ಕೊಟ್ಟ ಗಮನ ಹಳ್ಳಿಗಳಿಗೆ ಸಿಗಲಿಲ್ಲವೆಂಬ ಟೀಕೆ ಇವರ ಆಡಳಿತದ ಮೇಲಿತ್ತು. ಜವಾಬ್ದಾರಿ ಸರ್ಕಾರದ ಬೇಡಿಕೆಯೂ ಬಲಗೊಂಡಿತು. 1938ರ ವಿದುರಾಶ್ವತ್ಥ ಗೋಲಿಬಾರ್ ಇವರ ಅಧಿಕಾರಾವಧಿಯಲ್ಲೇ ನಡೆಯಿತು. ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದ ಮರುವರ್ಷ, 1941ರಲ್ಲಿ, ಇವರು ದಿವಾನಗಿರಿಯನ್ನು ತೊರೆದರು.

ಜೈಪುರ ಮತ್ತು ಹೈದರಾಬಾದ್

1942ರಿಂದ 1946ರವರೆಗೆ ಜೈಪುರದಲ್ಲಿದ್ದಾಗ ಹಳೆಯ ನಗರದ ಬಜಾರುಗಳಲ್ಲಿನ ಒತ್ತುವರಿಗಳನ್ನು ತೆರವುಗೊಳಿಸಿದರು. ಅಂಗಡಿಗಳ ಮುಂದೆ ಉದ್ದಕ್ಕೂ ಮಂಟಪದಂತಹ ಜಗಲಿಗಳು ನಿರ್ಮಾಣವಾದವು. ಇದರಿಂದ ಪಾದಚಾರಿಗಳು ಬಿಸಿಲು ಮತ್ತು ವಾಹನಗಳಿಂದ ದೂರವಾಗಿ ನಡೆಯುವಂತಾಯಿತು. ಕೋಟೆಗೋಡೆಯ ಹೊರಗೆ ಹೊಸ ಬಡಾವಣೆಗಳು ರೂಪುಗೊಂಡವು. 1946ರಲ್ಲಿ ಹೈದರಾಬಾದಿನ ಪ್ರಧಾನ ಮಂತ್ರಿಯಾದ ಇವರು, 1947ರಲ್ಲಿ ರಾಜೀನಾಮೆ ನೀಡಿದರು.

ಕೊನೆಯ ದಿನಗಳು ಮತ್ತು ಸ್ಮರಣೆ

1954ರಲ್ಲಿ ಇವರ ಆತ್ಮಕಥನ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1959ರಲ್ಲಿ ನಿಧನರಾದರು. ಜೈಪುರದ ಮಿರ್ಜಾ ಇಸ್ಮಾಯಿಲ್ ರಸ್ತೆ ಹಾಗೂ ಮೈಸೂರಿನ ಮಿರ್ಜಾ ರಸ್ತೆ ಇವರ ಹೆಸರನ್ನು ಹೊತ್ತಿವೆ.