ಮಕ್ಕಳ ತಟ್ಟೆಯನ್ನು ತೂಗಿದ ವಿಜ್ಞಾನಿ: ಡಾ. ವಿ. ಸುಬ್ರಹ್ಮಣ್ಯನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಕಿಕ್ಕೇರಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವವರು ಕವಿ ಕೆ.ಎಸ್. ನರಸಿಂಹಸ್ವಾಮಿಯವರು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ನಮ್ಮೂರಿನವರಲ್ಲದಿದ್ದರೂ ನಮ್ಮಂಥ ಊರುಗಳ ಮಕ್ಕಳ ಊಟದ ಬಗ್ಗೆ ತಲೆ ಕೆಡಿಸಿಕೊಂಡ ಒಬ್ಬರನ್ನು ಇಲ್ಲಿ ನೆನೆಯುತ್ತೇನೆ.

ನಾನು ಓದುವ ಕಾಲದಲ್ಲಿ, ಬೆಳಿಗ್ಗೆ ಹಿಟ್ಟು ಉಂಡು ಬಂದೆ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆ. ಅನ್ನ ಹಬ್ಬಕ್ಕೆ, ನೆಂಟರಿಗೆ. ರಾಗಿ ಬಡವರದು ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ, ರಾಗಿಗೆ ಅದರದೇ ಆದ ಗುಣವಿದೆಯೆಂದು ಮೈಸೂರಿನಲ್ಲಿ ಒಬ್ಬರು ಪರೀಕ್ಷೆ ಮಾಡಿ ತೋರಿಸಿದ್ದರೂ ನಮಗೆ ಯಾರೂ ಹೇಳಲಿಲ್ಲ. ನಾನು ಅದನ್ನು ಓದಿ ತಿಳಿದದ್ದು ಮೇಷ್ಟ್ರಾದ ಮೇಲೆ.

ಸುಬ್ರಹ್ಮಣ್ಯನ್ ಹುಟ್ಟಿದ್ದು 1902ರಲ್ಲಿ. ಅನ್ನ ಉಣ್ಣುವ ತಮಿಳು ಸೀಮೆಯವರು. ವೈದ್ಯರಲ್ಲ, ಜೀವರಸಾಯನ ಶಾಸ್ತ್ರಜ್ಞರು. ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರು ಮೊದಲು ಅಧ್ಯಯನ ಮಾಡಿದ್ದು ನೀರು ನಿಂತ ಮಣ್ಣನ್ನು, ಅಂದರೆ ನಮ್ಮ ಭತ್ತದ ಗದ್ದೆಯಂಥ ಮಣ್ಣನ್ನು. ಹಿಂತಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಮಣ್ಣಿನಿಂದ ಹೊರಟವರು ಅಲ್ಲಿ ಆಹಾರದ ಕಡೆಗೆ ತಿರುಗಿದರು. ಸೋಯಾ ಅವರೆಯಿಂದ ಹಾಲು ತೆಗೆಯುವ ಕೆಲಸ ಆ ಕಾಲದ್ದು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಸರ್ಕಾರ ಚೆಲುವಾಂಬ ಮ್ಯಾನ್ಷನ್ ಎಂಬ ಅರಮನೆಯನ್ನೇ ಆಹಾರ ಸಂಶೋಧನೆಗೆ ಬಿಟ್ಟುಕೊಟ್ಟಿತು. 1950ರ ಅಕ್ಟೋಬರ್ 21ರಂದು ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಆರಂಭವಾಯಿತು. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ರಾಜಕುಮಾರಿಗೆಂದು ಕಟ್ಟಿಸಿದ ಮನೆಯಲ್ಲಿ ಕಡಲೆಕಾಯಿ ಹಿಂಡಿಯ ಪರೀಕ್ಷೆ!

ಹಿಂಡಿ ಎಂದರೆ ನಮಗೆ ದನದ ಮೇವು. ಆದರೆ ಎಣ್ಣೆ ತೆಗೆದ ಮೇಲೆ ಉಳಿಯುವುದೇ ಕಡಲೆಕಾಯಿಯ ಪ್ರೋಟೀನು. ಮನುಷ್ಯರು ತಿನ್ನುವಂತೆ ಶುದ್ಧವಾಗಿ ತಯಾರಿಸಿದ ಆ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು, ಜೊತೆಗೆ ಜೀವಸತ್ವ ಮತ್ತು ಸುಣ್ಣದಂಶ ಬೆರೆಸಿ ಮಾಡಿದ್ದು ವಿವಿಧೋದ್ದೇಶ ಆಹಾರ. ಅದನ್ನು ವಿದ್ಯಾರ್ಥಿನಿಲಯದ ಮಕ್ಕಳಿಗೆ ಮಾಮೂಲಿ ಊಟದ ಜೊತೆ ಕೊಟ್ಟು, ಕೊಡದ ಮಕ್ಕಳೊಂದಿಗೆ ಹೋಲಿಸಿ, ಎತ್ತರ, ತೂಕ, ರಕ್ತ ಎಲ್ಲ ನೋಡಿದರು. ಕೊಟ್ಟ ಮಕ್ಕಳು ಚೆನ್ನಾಗಿ ಬೆಳೆದಿದ್ದರು. ಈ ಫಲಿತಾಂಶ 1957ರಲ್ಲಿ ಪ್ರಕಟವಾಯಿತು. ಆದರೂ ಆ ಹಿಟ್ಟು ನಮ್ಮೂರಿನ ಅಂಗಡಿಗೆ ಬಂದದ್ದನ್ನು ನಾನು ಕಾಣೆ. ನಾವು ಪ್ರೈಮರಿ ಶಾಲೆಯಲ್ಲಿ ತಿಂದದ್ದು ಹೊರದೇಶದ ಗೋಧಿಯ ಉಪ್ಪಿಟ್ಟು. ಅದಕ್ಕೆ ಋಣಿಯೇ, ಆದರೂ ಮೈಸೂರಿನ ಹಿಟ್ಟು ಕಿಕ್ಕೇರಿಗೆ ಬರಲಾಗಲಿಲ್ಲವೇ ಎಂದು ಈಗಲೂ ಅನ್ನಿಸುತ್ತದೆ.

ರಾಗಿಯ ವಿಷಯಕ್ಕೆ ಬರುತ್ತೇನೆ. ನೂರು ಗ್ರಾಂ ಅಕ್ಕಿಯಲ್ಲಿ ಸುಣ್ಣದಂಶ ಸುಮಾರು 10 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ 300ಕ್ಕೂ ಹೆಚ್ಚು. ಆದರೆ ಇದ್ದರೇನು? ಸುಣ್ಣದಂಶವನ್ನು ಕರುಳಿಗೆ ಬಿಟ್ಟುಕೊಡದೆ ಹಿಡಿದಿಡುವ ಫೈಟೇಟ್ ಎಂಬ ವಸ್ತುವೂ ರಾಗಿಯಲ್ಲಿದೆ. ಹಾಗಾಗಿ ಲೆಕ್ಕ ಹಾಕಿದರೆ ಸಾಲದು, ಮಕ್ಕಳಲ್ಲೇ ನೋಡಬೇಕು. ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಮತ್ತು ಸಂಗಡಿಗರು ಅರೆಹೊಟ್ಟೆಯ ಮಕ್ಕಳ ಊಟದಲ್ಲಿ ಅಕ್ಕಿಯ ಬದಲು ರಾಗಿ ಕೊಟ್ಟು ನೋಡಿದರು. ಇಂಥ ಪರೀಕ್ಷೆಯಲ್ಲಿ ತಿಂದದ್ದನ್ನೆಲ್ಲ ತೂಗಬೇಕು, ಮಲಮೂತ್ರದಲ್ಲಿ ಹೊರಹೋದದ್ದನ್ನೂ ಅಳೆಯಬೇಕು; ಕಳೆದು ಉಳಿದದ್ದು ಮಗುವಿನ ಮೈಗೆ ಹತ್ತಿದ್ದು. ರಾಗಿ ಉಂಡಾಗ ಸುಣ್ಣದಂಶ ಹೆಚ್ಚು ಮೈಗೆ ಹತ್ತಿತ್ತು. 1959ರಲ್ಲಿ ಇದು ಅಚ್ಚಾಯಿತು. ಹಾಗೆಂದು ರಾಗಿಯೊಂದೇ ಸಾಕಾಗುವುದಿಲ್ಲ. ಅದರಲ್ಲಿ ಕಡಿಮೆಯಿರುವ ಲೈಸಿನ್ ಕಾಳುಗಳಲ್ಲಿ ಧಾರಾಳವಾಗಿದೆ. ನಮ್ಮ ತಾಯಂದಿರು ಹಿಟ್ಟಿನ ಜೊತೆ ಹುರುಳಿಕಾಳಿನ ಬಸ್ಸಾರು ಮಾಡುತ್ತಿದ್ದುದು ಲೈಸಿನ್ ಎಂಬ ಹೆಸರು ಕೇಳಿ ಅಲ್ಲ.

ತಾಯಿಯ ಹಾಲು ಸಿಗದ ಕೂಸುಗಳ ಪಾಡೂ ಅವರ ಸಂಸ್ಥೆಯ ಗಮನಕ್ಕೆ ಬಂತು. ಆಗ ಡಬ್ಬಿ ಹಾಲಿನ ಪುಡಿ ಹೊರದೇಶದಿಂದ ಬರಬೇಕಿತ್ತು. ನಮ್ಮಲ್ಲಿ ಹೆಚ್ಚಾಗಿದ್ದ ಎಮ್ಮೆಯ ಹಾಲು ಕೊಬ್ಬಿನದು, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುವಂಥದ್ದು. ಕೂಸಿಗೆ ಒಗ್ಗದು ಎಂಬ ಮಾತಿತ್ತು. ಅದನ್ನು ಕೂಸಿಗೆ ಒಗ್ಗುವ ಪುಡಿಯಾಗಿಸುವ ವಿಧಾನವನ್ನು ಮೈಸೂರಿನಲ್ಲಿ ಕಂಡುಹಿಡಿದರು. ಗುಜರಾತಿನ ಆನಂದದ ಹಾಲು ಸಹಕಾರ ಸಂಘ ಅದನ್ನು ತಯಾರಿಸಿ ಅಮುಲ್ ಹೆಸರಿನಲ್ಲಿ ಮಾರಿತು.

1960ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1963ರಲ್ಲಿ ಮೈಸೂರಿನ ನಿರ್ದೇಶಕ ಹುದ್ದೆ ಬಿಟ್ಟರು. ಸುಮ್ಮನೆ ಕೂರುವ ಜೀವ ಅಲ್ಲ. ಆಮೇಲೆ ತಮಿಳುನಾಡಿನ ತಿರುವಾರೂರಿನ ಅಕ್ಕಿ ಗಿರಣಿಯೊಂದರ ಸಣ್ಣ ಪ್ರಯೋಗಾಲಯದಲ್ಲಿ ಭತ್ತದ ಸಂಸ್ಕರಣೆಯ ಕೆಲಸ ನೋಡಿಕೊಂಡರು. 1979ರಲ್ಲಿ ತೀರಿಕೊಂಡರು.

ನಮ್ಮ ಶಾಲೆಯ ಪ್ರವಾಸದ ಬಸ್ಸು ಮೈಸೂರಿಗೆ ಹೋದರೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ತೋರಿಸಿ ಹಿಂತಿರುಗುತ್ತದೆ. ಈಗಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಮೊದಲೇ ಪತ್ರ ಬರೆದು ಅನುಮತಿ ಪಡೆದು, ಚೆಲುವಾಂಬ ಮ್ಯಾನ್ಷನ್ನನ್ನೂ ಮಕ್ಕಳಿಗೆ ತೋರಿಸಿ. ಬುತ್ತಿಗೆ ರಾಗಿ ರೊಟ್ಟಿ ಇರಲಿ.