ಸವದತ್ತಿಯ ಕಲ್ಲು ಓದಿದ ಫ್ಲೀಟ್

ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರಲ್ಲಿ ಹೆಚ್ಚಿನವರಿಗೆ ಯಲ್ಲಮ್ಮನ ಗುಡ್ಡ ಗೊತ್ತು, ಊರು ಗೊತ್ತಿಲ್ಲ. ಇಲ್ಲೇ ಬೆಳೆದ ನನಗೂ ಪಿಯುಸಿ ಮುಗಿಯುವವರೆಗೆ ಇದರ ಹಳೆಯ ಹೆಸರು ಸುಗಂಧವರ್ತಿ ಎಂದು ತಿಳಿದಿರಲಿಲ್ಲ. ಆ ಹೆಸರನ್ನು ಇಲ್ಲಿನ ಶಾಸನಗಳಲ್ಲಿ ಓದಿ ಅಚ್ಚಿಗೆ ಕೊಟ್ಟವರು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ.

ಫ್ಲೀಟ್ ಹುಟ್ಟಿದ್ದು 1847ರಲ್ಲಿ. ಸಿವಿಲ್ ಸರ್ವಿಸ್‌ಗೆ ಆಯ್ಕೆಯಾಗಿ, ಲಂಡನ್ನಿನಲ್ಲಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿಗೆ ಬಂದಾಗ ವಯಸ್ಸು ಇಪ್ಪತ್ತು. ನನಗೂ ಈಗ ಇಪ್ಪತ್ತೇ. ಮೂರನೇ ಸೆಮಿಸ್ಟರಿನ ಗಣಿತ ಇನ್ನೂ ಬಾಕಿ ಇದೆ! ಅವರಿಗೆ ಸಿಕ್ಕಿದ್ದು ಕಂದಾಯ ಮತ್ತು ಶಾಲಾ ತಪಾಸಣೆಯ ತಿರುಗಾಟದ ನೌಕರಿ. ಅದರ ನಡುವೆಯೇ ಹಳಗನ್ನಡ ಕಲಿತು, ಸವದತ್ತಿ, ನೇಸರಗಿ, ಕಲ್ಲೋಳಿಗಳ ರಟ್ಟರ ಶಾಸನಗಳನ್ನು 1870ರ ದಶಕದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಶಾಸನ ಓದುವುದೆಂದರೆ ಅಕ್ಷರ ಬಿಡಿಸುವುದಷ್ಟೇ ಅಲ್ಲ. ಶಕ 797, ಅಂದರೆ ಕ್ರಿ.ಶ. 875-76ರ ಕಾಲ ಹೇಳುವ ಇಲ್ಲಿನ ಶಾಸನದಲ್ಲಿ ರಟ್ಟರ ಪೃಥ್ವೀರಾಮ ಬಸದಿ ಕಟ್ಟಿಸಿ ಭೂಮಿ ಬಿಟ್ಟ ಸಂಗತಿ ಇದೆ. ಅದು ಯಾವ ಊರು? ಶಾಸನದ ಸುಗಂಧವರ್ತಿಯೇ ಜನರ ನಾಲಿಗೆಯಲ್ಲಿ ಸವೆದು ಸವದತ್ತಿಯಾಗಿದೆ, ವೇಣುಗ್ರಾಮವೇ ಬೆಳಗಾವಿ ಎಂದು ಗುರುತಿಸಿದ ಮೇಲೆಯೇ ರಟ್ಟರು ಆಳಿದ ಕೂಂಡಿ ಮೂರು ಸಾವಿರ ನಾಡು ನಕ್ಷೆಯ ಮೇಲೆ ನಿಲ್ಲುತ್ತದೆ. ನಮ್ಮ ಸರ್ವೆ ಕ್ಲಾಸಿನಲ್ಲಿ ಮೊದಲು ಒಂದು ಸ್ಥಿರ ಬಿಂದು ಹಿಡಿಯಿರಿ ಎನ್ನುತ್ತಾರಲ್ಲ, ಹಾಗೆ.

1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬಂತು. ಮರುವರ್ಷ ಭಾರತ ಸರ್ಕಾರದ ಮೊದಲ ಶಾಸನತಜ್ಞರಾದರು. 1888ರಲ್ಲಿ ಗುಪ್ತರ ಶಾಸನಗಳ ಸಂಪುಟ ಹೊರಬಂತು. ವಿದ್ವಾಂಸರು ಅವರನ್ನು ನೆನೆಯುವುದು ಹೆಚ್ಚಾಗಿ ಇದಕ್ಕೇ.

ನನಗೆ ಮಾತ್ರ ಅವರ ಇನ್ನೊಂದು ಕೆಲಸವೇ ದೊಡ್ಡದು. 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವರು ನಮ್ಮ ಕಡೆಯ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡು ಅದರಲ್ಲಿದೆ. ಆದಾಯ ತೆರಿಗೆಯ ಮೇಲೆ ಜನ ಕಟ್ಟಿದ ಹಾಡೂ ಇದೆ. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಬ್ರಿಟಿಷರು. ಅದನ್ನು ಕಣ್ಣಾರೆ ಕಂಡ ಮುದುಕರು ಫ್ಲೀಟ್ ಬಂದಾಗ ಇನ್ನೂ ಬದುಕಿದ್ದಿರಬೇಕು. ಬ್ರಿಟಿಷ್ ಸರ್ಕಾರದ ಸಂಬಳ ತಿನ್ನುವ ಅಧಿಕಾರಿಯೊಬ್ಬ ಕೂತು ಆ ಹಾಡನ್ನು ದಾಖಲಿಸಿದ್ದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ತಲೆಬರಹದಲ್ಲಿ ಅವರು ಅದನ್ನು ದಂಗೆ ಎಂದೇ ಕರೆದರು. ಅಧಿಕಾರಿಯ ಕಣ್ಣು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದರೆ ಹಾಡಿನವರ ಮಾತನ್ನು ಬಿಸಾಡಲಿಲ್ಲ. ಹಾಡಿಕೊಂಡು ಬಂದವರು ನಮ್ಮವರು, ಕಾಗದಕ್ಕೆ ಇಳಿಸಿದ್ದು ಹೊರಗಿನವರು ಎಂಬ ಸಣ್ಣ ಸಂಕಟವೂ ನನಗಿದೆ.

ಫ್ಲೀಟ್ 1897ರಲ್ಲಿ ಇಂಗ್ಲೆಂಡಿಗೆ ಮರಳಿದರು. 1917ರಲ್ಲಿ ತೀರಿಕೊಂಡರು. ನಿವೃತ್ತಿಯ ನಂತರವೂ ಅಲ್ಲಿ ಕೂತು ಕನ್ನಡನಾಡಿನ ಶಾಸನಗಳ ಬಗ್ಗೆ ಬರೆಯುತ್ತಲೇ ಇದ್ದರು.