ಮುದ್ದೇನಹಳ್ಳಿಯ ದಿವಾನರೂ ದುಡಿಯುವ ಮಕ್ಕಳೂ

ನಮ್ಮ ಜಿಲ್ಲೆಯ ಎಲ್ಲೆ ದಾಟಿ ನಂದಿಬೆಟ್ಟದ ಆಚೆಯ ತಪ್ಪಲಿಗೆ ಹೋದರೆ ಮುದ್ದೇನಹಳ್ಳಿ ಸಿಗುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ಅದು ನೆರೆಯ ಊರೇ. ಅಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಕನ್ನಂಬಾಡಿ ಕಟ್ಟೆ ಕಣ್ಣೆದುರು ನಿಲ್ಲುವುದು ಸಹಜ. ಎಳೆಯರನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ತರುವ ಕಾರ್ಯದಲ್ಲಿಯೂ ಅವರ ಪಾಲುಂಟೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

ತಂದೆ ಶ್ರೀನಿವಾಸ ಶಾಸ್ತ್ರಿಗಳ ಮನೆಯಲ್ಲಿ ವಿದ್ಯೆಯಿದ್ದಷ್ಟು ಹಣವಿರಲಿಲ್ಲ. ಅವರೂ ಬೇಗನೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆಯಿಂದ ಬೆಂಗಳೂರಿಗೆ ಬಂದ ಹುಡುಗ, ಸೋದರಮಾವನ ಆಸರೆಯಲ್ಲಿದ್ದು, ಮನೆಪಾಠ ಹೇಳಿ ಸಂಪಾದಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರನಾದ. ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಅದು ದೊರೆಯದೆ ಹೋಗಿದ್ದರೆ? ಹಾಗೆ ದೊರೆಯದೆ ಹೋದವರೇ ನಾಡಿನ ತುಂಬ ಇದ್ದರು. ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವವರು, ರೇಷ್ಮೆಹುಳುವಿಗೆ ಸೊಪ್ಪು ಹಾಕುವವರು, ದನ ಕಾಯುವವರು ಎಲ್ಲ ಮಕ್ಕಳೇ.

1911ರಲ್ಲಿ ಗೋಖಲೆಯವರು ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಕೇಂದ್ರ ಶಾಸನಸಭೆಯ ಮುಂದಿಟ್ಟರು. ಮರುವರ್ಷ ಸಭೆ ಅದನ್ನು ತಳ್ಳಿಹಾಕಿತು. ಅದೇ 1912ರ ಕೊನೆಗೆ ವಿಶ್ವೇಶ್ವರಯ್ಯನವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು. ಬ್ರಿಟಿಷರು ಒಲ್ಲೆವೆಂದದ್ದನ್ನು ಮೈಸೂರು 1913ರಲ್ಲಿ ಶಾಸನವಾಗಿಯೇ ಮಾಡಿತು! ಆರು ವರ್ಷದ ದಿವಾನಗಿರಿಯಲ್ಲಿ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು.

ಹಾಗೆಂದು ಎಲ್ಲವೂ ನೆಟ್ಟಗಾಯಿತೆಂದು ಹೇಳಲಾಗದು. ಕಡ್ಡಾಯವು ಆಯ್ದ ಕೆಲವು ಸ್ಥಳಗಳಿಗೆ ಮಾತ್ರ ಅನ್ವಯಿಸಿತು. ಮಗನ ಕೈ ಬಿಟ್ಟರೆ ಮಗ್ಗ ನಿಲ್ಲುವ ಮನೆಗೆ ಶಾಲೆಯ ಕರೆ ಹೇಗೆ ಕೇಳಿಸೀತು? ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳನ್ನು ಮೀಸಲಿಡುವ ವಿಚಾರದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ಅವರು ಅಧಿಕಾರ ಬಿಟ್ಟರು. ಶಾಲೆಯ ಬಾಗಿಲನ್ನು ಅಷ್ಟು ಅಗಲಿಸಿದ ಪ್ರಾಜ್ಞರು ಈ ಒಂದು ಕಡೆ ಯಾಕೆ ಬಿಗಿಹಿಡಿದರೋ ಎಂದು ನನಗೆ ಅನ್ನಿಸುವುದುಂಟು.

ಹದಿನಾಲ್ಕರೊಳಗಿನವರನ್ನು ಕಾರ್ಖಾನೆಗೂ ಗಣಿಗೂ ಸೇರಿಸಬಾರದೆಂದು 1950ರ ಸಂವಿಧಾನ ವಿಧಿಸಿದ್ದನ್ನು ಅವರು ಕಂಡರು. 1955ರಲ್ಲಿ ಭಾರತರತ್ನರಾದರು. ನೂರು ವರ್ಷ ದಾಟಿ 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಕಾಲವಾದರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಮುಂದಿನದನ್ನು ಅವರು ಕಾಣಲಿಲ್ಲ. 1979ರಲ್ಲಿ ಕೇಂದ್ರ ಸರ್ಕಾರ ಬಾಲಕಾರ್ಮಿಕರ ಬಗ್ಗೆ ನೇಮಿಸಿದ ಸಮಿತಿಗೆ ಕನ್ನಡಿಗರೇ ಆದ ಎಂ. ಎಸ್. ಗುರುಪಾದಸ್ವಾಮಿಯವರು ಅಧ್ಯಕ್ಷರಾದರು. 1986ರಲ್ಲಿ ನಿಷೇಧ ಕಾನೂನು ಬಂದಿತು. ಗೋಖಲೆಯವರು ಬೇಡಿದ ಕಡ್ಡಾಯ ಶಿಕ್ಷಣ ದೇಶಕ್ಕೆಲ್ಲ ಕಾನೂನಾದದ್ದು 2009ರಲ್ಲಿ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ದುಡಿಮೆಯನ್ನು ಎಲ್ಲ ಕಸುಬಿನಲ್ಲಿಯೂ ನಿಷೇಧಿಸಿತು. ಆದರೆ ಶಾಲೆಯ ವೇಳೆಯ ಹೊರಗೆ ಅಪಾಯಕರವಲ್ಲದ ಮನೆಕಸುಬಿನಲ್ಲಿ ನೆರವಾಗಬಹುದೆಂದು ವಿನಾಯಿತಿ ಕೊಟ್ಟಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗವಿರುವುದೂ ಮಗು ಮಲಗುವುದೂ ಎಷ್ಟೋ ವೇಳೆ ಒಂದೇ ಸೂರಿನಡಿ. ಅಲ್ಲಿ ಶಾಲೆಯ ವೇಳೆ ಯಾವುದು, ಮಗ್ಗದ ವೇಳೆ ಯಾವುದು ಎಂದು ಗೆರೆ ಎಳೆಯುವವರು ಇನ್ನೂ ಆ ಮನೆಯ ತಂದೆತಾಯಿಗಳೇ.